ಬ್ರೇಕ್ ಫ್ಲೂಯಿಡ್ ಬದಲಿಸದೆ ಬಿಲ್ ಮಾಡಿರುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಸರ್ವೀಸ್ ವಿಭಾಗ

ಮಾನ್ಯರೇ,

ಕಳೆದ ಸರ್ವೀಸ್‌ನ ಬಿಲ್‌ನಲ್ಲಿ ಡಾಟ್ 4 ಬ್ರೇಕ್ ಫ್ಲೂಯಿಡ್‌ಗೆ ಒಂದು ಮೊತ್ತ, ಅದನ್ನು ಬದಲಿಸಿದ ಕೂಲಿಗೆ ಇನ್ನೊಂದು ಮೊತ್ತ ಹಾಕಿದ್ದೀರಿ. ಎರಡನ್ನೂ ಕಟ್ಟಿದ್ದೇನೆ. ಆದರೆ ಆ ಕೆಲಸ ನಡೆದೇ ಇಲ್ಲ.

ಅದಾದ ಮೇಲೆ ಚಾರ್ಮಾಡಿ ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗತೊಡಗಿತು. ಹಿಂದಿನ ಸೀಟಿನಲ್ಲಿ ನನ್ನ ತಾಯಿ, ಮಗಳು ಇದ್ದರು. ನಿಮ್ಮಲ್ಲಿಗೆ ತಂದು ತೋರಿಸಿದರೆ "ಘಾಟಿಯಲ್ಲಿ ಹಾಗೇ ಸಾರ್, ಎಲ್ಲ ಸರಿ ಇದೆ" ಎಂದು ಕಳಿಸಿದರು. ಕೊನೆಗೆ ತಿಳಿದವರನ್ನು ಕೇಳಿ, ಕಾರಿನ ಕೈಪಿಡಿ ಓದಿ, ಮೊದಲ ಬಾರಿಗೆ ಮನೆಯಲ್ಲೇ ಫ್ಲೂಯಿಡ್ ಬದಲಿಸಲು ಕುಳಿತೆ.

ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಫ್ಲೂಯಿಡ್ ತಿಳಿ ಹಳದಿಯಾಗಿ, ಹೊಸದರಂತೆಯೇ ಇತ್ತು. ಎಡ ಹಿಂಚಕ್ರ ಬಿಚ್ಚಿದಾಗ ನಿಜ ಗೊತ್ತಾಯಿತು. ಹಳೆಯ ಫ್ಲೂಯಿಡ್ ಹೊರಬಿಡಲು ಸಡಿಲಿಸುವ ಸಣ್ಣ ತಿರುಪು, ಅಂದರೆ ಬ್ಲೀಡರ್ ನಿಪ್ಪಲ್ ಸುತ್ತ ಕೆಂಪು ಮಣ್ಣು ಗಟ್ಟಿಯಾಗಿ ಕೂತಿತ್ತು. ರಬ್ಬರ್ ಟೋಪಿ ತೆಗೆದರೆ ಒಳಗೆ ತುಕ್ಕು. ನಿಪ್ಪಲ್‌ನ ಅಂಚುಗಳ ಮೇಲೆ ಸ್ಪ್ಯಾನರ್ ತಾಗಿದ ಒಂದು ಗೆರೆಯೂ ಇಲ್ಲ. ಪಾರದರ್ಶಕ ಪೈಪ್ ಸಿಕ್ಕಿಸಿ, ಮಗಳು ಪೆಡಲ್ ಒತ್ತಿ ಹಿಡಿದಾಗ ಹೊರಬಂದದ್ದು ಕಾಫಿ ಡಿಕಾಕ್ಷನ್‌ನಂಥ ಕಪ್ಪು ದ್ರವ. ಉಳಿದ ಮೂರು ಚಕ್ರಗಳದ್ದೂ ಇದೇ ಕಥೆ. ಮೇಲಿನ ಡಬ್ಬಿಯದನ್ನಷ್ಟೇ ಹೀರಿ ತೆಗೆದು ಹೊಸದು ಸುರಿದಿದ್ದೀರಿ.

ಹೊಸ ಫ್ಲೂಯಿಡ್ ಕೂಡ ಬಣ್ಣ ತಿರುಗುತ್ತದೆ ಎಂದು ನಿಮ್ಮ ಸರ್ವೀಸ್ ಅಡ್ವೈಸರ್ ಫೋನಿನಲ್ಲಿ ವಾದಿಸಿದರು. ತಿರುಗಲಿ. ನಿಪ್ಪಲ್ ಸಡಿಲಿಸದೆ ಚಕ್ರದ ತುದಿಯ ಹಳೆಯ ಫ್ಲೂಯಿಡ್ ಹೊರಬಂದದ್ದು ಯಾವ ದಾರಿಯಲ್ಲಿ? ಇದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಇದು ಬರೀ ದುಡ್ಡಿನ ಮಾತಲ್ಲ. ಈ ಫ್ಲೂಯಿಡ್ ಗಾಳಿಯ ತೇವವನ್ನು ಹೀರುತ್ತದೆ, ಕರಾವಳಿಯ ಮಳೆಗಾಲ ಕೇಳಬೇಕೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಸುಮಾರು 3.7 ಶೇಕಡಾ ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಕುದಿಯುವುದು ಚಕ್ರದ ಬಳಿಯ ಫ್ಲೂಯಿಡ್, ಡಬ್ಬಿಯದಲ್ಲ. ಅಲ್ಲಿ ಆವಿ ತುಂಬಿದರೆ ಪೆಡಲ್ ನೆಲಕ್ಕೆ ತಾಗಿದರೂ ಕಾರು ನಿಲ್ಲುವುದಿಲ್ಲ. ಇದು ನಿಮಗೆ ಗೊತ್ತಿಲ್ಲದ್ದೇನಲ್ಲ, ಅದಕ್ಕೇ ನನಗೆ ಇಷ್ಟು ಸಿಟ್ಟು.

ಫ್ಲೂಯಿಡ್ ಮತ್ತು ಕೂಲಿಯ ಹಣ ವಾಪಸ್ ಮಾಡಿ. ಅಂದಿನ ಜಾಬ್ ಕಾರ್ಡ್‌ನ ಪ್ರತಿ ಕೊಡಿ. ಇದೇ ಕೆಲಸಕ್ಕೆ ನೀವು ಬಿಲ್ ಮಾಡಿರುವ ಬೇರೆ ಗ್ರಾಹಕರ ಕಾರುಗಳನ್ನು ಕರೆಸಿ, ಉಚಿತವಾಗಿ ನಾಲ್ಕೂ ಚಕ್ರ ಬ್ಲೀಡ್ ಮಾಡಿ, ಅಂದರೆ ಹಳೆಯ ಫ್ಲೂಯಿಡ್ ಹೊರತೆಗೆದು ಹೊಸದು ತುಂಬಿ ಕೊಡಿ. ನನಗೆ ಮುಖ್ಯವಾಗಿ ಬೇಕಿರುವುದು ಇದು. 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಸೇವಾ ನ್ಯೂನತೆಯ ದೂರು ದಾಖಲಿಸುತ್ತೇನೆ.

ಬಿಲ್‌ನ ಪ್ರತಿ, ನಿಪ್ಪಲ್‌ಗಳನ್ನು ಬಿಚ್ಚುವ ಮೊದಲು ತೆಗೆದ ಫೋಟೋಗಳನ್ನು ಲಗತ್ತಿಸಿದ್ದೇನೆ. ಹೊರತೆಗೆದ ಫ್ಲೂಯಿಡ್ ಬಾಟಲಿಯಲ್ಲಿದೆ, ಬಂದು ನೋಡಬಹುದು.

ಇಂತಿ,
ನಿಮ್ಮ ಗ್ರಾಹಕ