ಮರ ತಾಳುತ್ತದೆಯೇ ಎಂದು ಕೇಳಿದ ಮಗನಿಗೆ

ಚಿರಂಜೀವಿ ಮಗನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿ ಆರು ದಿನಗಳಾದವು. ಆ ಗಿಟಾರನ್ನು ನೀನು ಎಷ್ಟು ಆಸೆಪಟ್ಟು ಕೊಂಡೆ, ಮನೆಯಲ್ಲಿ ಅದಕ್ಕೆ ಯಾರು ಏನೆಂದರು ಎಂಬುದೆಲ್ಲ ನಮ್ಮಿಬ್ಬರಿಗೂ ತಿಳಿದದ್ದೇ ಆದ್ದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ. ಹಳೆಯ ಟ್ರೆಮೊಲೊ ಬ್ರಿಜ್, ಅಂದರೆ ತಂತಿಗಳನ್ನು ಹಿಡಿದು ಹಿಡಿಕೆ ಒತ್ತಿದಾಗ ವಾಲುವ ಆ ಲೋಹದ ಪ್ಲೇಟು, ಅದನ್ನು ತೆಗೆದು ಹೊಸದನ್ನು ಕೂರಿಸುವ ಬಗ್ಗೆ ನೀನು ಎರಡು ಪುಟ ತುಂಬ ಪ್ರಶ್ನೆ ಕೇಳಿದ್ದೀಯೆ. ನಾನು ಮಾತ್ರ ಪತ್ರದ ಕೊನೆಯಲ್ಲಿ, ಸಹಿಗೂ ಮೊದಲು ನೀನು ಅವಸರವಾಗಿ ಸೇರಿಸಿದ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ: ಹಿಂದಿನವನು ಯಾರೋ ಕೊರೆದ ತೂತುಗಳನ್ನು ಪ್ಲೇಟಿನಡಿ ಮುಚ್ಚಿಟ್ಟಿದ್ದಾನೆ, ಅವುಗಳ ಪಕ್ಕದಲ್ಲಿ ನಾನು ಇನ್ನೊಂದು ಕೊರೆದರೆ ಮರ ತಾಳುತ್ತದೆಯೇ, ದೊಡ್ಡಪ್ಪಾ, ಕಡೆಗೆ ಹಾಳುಮಾಡಿದವನು ನಾನೇ ಎಂದಾಗುತ್ತದೆಯೇ ಎಂದು ಬರೆದಿದ್ದೀಯೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ. ಹೇಳಲು ನನಗೆ ಸ್ವಲ್ಪ ಸಮಯ ಬೇಕು.

ಮೊದಲು ಮರದ ಮಾತು. ನಿನ್ನ ಭಯ ಸುಳ್ಳಲ್ಲ. ತಂತಿಗಳು ಬ್ರಿಜ್ಜನ್ನು ಉದ್ದನೆಯ ಹಿಡಿಯಾದ ನೆಕ್‌ನ ಕಡೆಗೆ ಎಳೆಯುತ್ತವೆ, ಹಿಂಬದಿಯ ಕುಳಿಯಲ್ಲಿರುವ ಸ್ಪ್ರಿಂಗುಗಳು ಅದಕ್ಕೆ ಎದುರಾಗಿ ಎಳೆದು ಸಮ ಮಾಡುತ್ತವೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಅದು ಅರ್ಧ ಸತ್ಯ. ಸ್ಪ್ರಿಂಗುಗಳೂ ಬ್ರಿಜ್ಜಿನಡಿ ಒಡಲೊಳಕ್ಕೆ ಇಳಿದಿರುವ ಲೋಹದ ಬ್ಲಾಕಿನ ತುದಿಯನ್ನು ನೆಕ್‌ನ ದಿಕ್ಕಿಗೇ ಎಳೆಯುತ್ತವೆ. ತಿರುವು ಮಾತ್ರ ಸಮವಾಗುತ್ತದೆಯೇ ಹೊರತು ಎಳೆತ ರದ್ದಾಗುವುದಿಲ್ಲ. 10ರಿಂದ 46ರ ಗಾತ್ರದ (ಇಂಚಿನ ಸಾವಿರದ ಭಾಗಗಳಲ್ಲಿ ದಪ್ಪ) ತಂತಿಗಳನ್ನು ಸಾಮಾನ್ಯ ಶ್ರುತಿಗೆ ಏರಿಸಿದರೆ ಆರೂ ಸೇರಿ ಸುಮಾರು 45 ಕಿಲೋ ಎಳೆಯುತ್ತವೆ. ಅದರ ಮೇಲೆ ಸ್ಪ್ರಿಂಗುಗಳ ಪಾಲೂ ಸೇರಿ ಎಲ್ಲವನ್ನೂ ಹೊರುವುದು ಬ್ರಿಜ್ ಆತುಕೊಂಡಿರುವ ಆ ಎರಡು ಪೋಸ್ಟುಗಳು ಅಥವಾ ಆರು ಸ್ಕ್ರೂಗಳು. ಅವು ನಿಂತಿರುವುದು ತಂತಿಯ ಸದ್ದು ಹಿಡಿಯುವ ಪಿಕಪ್ಪಿನ ಕುಳಿಗೂ ಬ್ಲಾಕಿನ ಕುಳಿಗೂ ನಡುವೆ ಉಳಿದಿರುವ ಒಂದು ಕಿರಿದಾದ ಮರದ ಪಟ್ಟಿಯಲ್ಲಿ. ನಿನ್ನ ಗಿಟಾರಿನಲ್ಲಿ ಮೊದಲು ಆರು ಸ್ಕ್ರೂ ಇದ್ದು, ಆಮೇಲೆ ಯಾರೋ ಎರಡು ಪೋಸ್ಟ್ ಕೂರಿಸಿ, ಈಗ ಅವು ಮುಂದಕ್ಕೆ ವಾಲಿವೆ ಎಂದರೆ ಆ ಪಟ್ಟಿ ಎಷ್ಟು ಸಹಿಸಿದೆಯೋ ಊಹಿಸು. ಹಾಗೆಂದು ಅದು ಸೋತಿದೆ ಎಂದು ನಾನು ಹೇಳುತ್ತಿಲ್ಲ. ತಂತಿಗಳನ್ನೆಲ್ಲ ಬಿಚ್ಚಿ, ಪೋಸ್ಟಿನ ಮುಂಭಾಗಕ್ಕೆ ಅಡ್ಡಲಾಗಿ ಬೆಳಕು ಬಿಟ್ಟು, ಕೂದಲೆಳೆಯಂಥ ಬಿರುಕು ಇದೆಯೇ ನೋಡು. ಬೆರಳಿನಿಂದ ಒತ್ತಿದಾಗ ಪೋಸ್ಟ್ ಅಲುಗಿದರೆ ಅದು ತನ್ನ ಬುಶಿಂಗಿನೊಳಗೆ (ಮರದಲ್ಲಿ ಕೂರಿಸಿದ ಲೋಹದ ಕೊಳವೆ) ಅಲುಗುತ್ತಿದೆಯೋ, ಬುಶಿಂಗೇ ಮರದೊಳಗೆ ಅಲುಗುತ್ತಿದೆಯೋ ಗಮನಿಸು. ಮೊದಲನೆಯದಾದರೆ ಮರದ ತಪ್ಪೇನಿಲ್ಲ.

ಈಗ ನನ್ನ ಕಥೆ. ನಿನ್ನ ವಯಸ್ಸಿನಲ್ಲಿ ನನ್ನ ಹತ್ತಿರವೂ ಫೆಂಡರ್ ಕಂಪನಿಯ ಸ್ಟ್ರ್ಯಾಟೊಕ್ಯಾಸ್ಟರ್ ಮಾದರಿಯ ಒಂದು ಹಳೆಯ ಗಿಟಾರ್ ಇತ್ತೆಂದು ನಿನ್ನ ಅಪ್ಪ ಹೇಳಿರುತ್ತಾನೆ. ಅದರ ಬ್ರಿಜ್ ಬದಲಿಸಿದ ರಾತ್ರಿ ದೀಪ ಹಿಡಿದು ನಿಂತವನೇ ಅವನು. ಹಳೆಯ ಪ್ಲೇಟಿಗೆ ಆರು ಸ್ಕ್ರೂ, ಹೊಸದಕ್ಕೂ ಆರು ಸ್ಕ್ರೂ; ಆರಕ್ಕೆ ಆರು ಸರಿಹೊಂದಿತೆಂದು ನಾನು ನಂಬಿಬಿಟ್ಟೆ. ಹಳೆಯದರಲ್ಲಿ ಮೊದಲ ಸ್ಕ್ರೂವಿನ ನಡುವಿನಿಂದ ಆರನೆಯದರ ನಡುವಿಗೆ 52.5 ಮಿಲಿಮೀಟರ್ ಇತ್ತು, ಹೊಸದರಲ್ಲಿ 56. ಒಂದೊಂದು ಸ್ಕ್ರೂವಿಗೆ ಬರುವ ವ್ಯತ್ಯಾಸ ಬರೀ 0.7 ಮಿಲಿಮೀಟರ್, ಕಣ್ಣಿಗೆ ಕಾಣುವಂಥದ್ದಲ್ಲ. ಮೊದಲ ತೂತಿಗೆ ಮೊದಲ ಸ್ಕ್ರೂ ಸಲೀಸಾಗಿ ಇಳಿಯಿತು, ಎರಡನೆಯದು ಸ್ವಲ್ಪ ಬಿಗಿಯಾಯಿತು, ಮೂರನೆಯದು ಇಳಿಯಲೇ ಇಲ್ಲ. ಅಲ್ಲಿ ನಿಲ್ಲಿಸಬೇಕಾಗಿತ್ತು. ನಾನು ಪ್ಲೇಟನ್ನೇ ಅಚ್ಚಾಗಿ ಇಟ್ಟುಕೊಂಡು ಉಳಿದವನ್ನು ಕೈಡ್ರಿಲ್ಲಿನಿಂದ ಮತ್ತೆ ಕೊರೆದೆ. ಹಳೆಯ ತೂತೂ ಹೊಸ ತೂತೂ ಒಂದನ್ನೊಂದು ಕಚ್ಚಿಕೊಂಡು ಎಂಟರ ಅಂಕಿಯ ಹಾಗಾದವು. ಆರನೆಯ ತಂತಿ ಮೂರೂವರೆ ಮಿಲಿಮೀಟರ್ ಹೊರಕ್ಕೆ ಸರಿದು, ಮೇಲಿನ ಫ್ರೆಟ್ಟುಗಳಲ್ಲಿ (ಅಡ್ಡಲಾಗಿರುವ ಲೋಹದ ಪಟ್ಟಿಗಳು) ಒತ್ತಿದರೆ ನೆಕ್‌ನ ಅಂಚಿನಿಂದ ಜಾರತೊಡಗಿತು. ನಾನು ಪ್ಲೇಟನ್ನು ತೆಗೆದು ಇನ್ನೊಮ್ಮೆ ಕೊರೆದೆ. ಮಗೂ, ಇದನ್ನು ಬರೆಯುವಾಗಲೂ ಡ್ರಿಲ್ಲಿನ ಬಿಟ್ಟು ಹಳೆಯ ತೂತಿನೊಳಕ್ಕೆ ಜಾರಿದ ಅನುಭವ ಅಂಗೈಗೆ ಬರುತ್ತದೆ.

ನಿನ್ನ ಭಯ ಅದೇ ಅಲ್ಲವೇ? ಒಂದು ತೂತಿನ ಪಕ್ಕದಲ್ಲಿ ಇನ್ನೊಂದು ತೂತು. ಅದಕ್ಕೆ ಉತ್ತರವಿದೆ, ನನಗೆ ಆಗ ಅದು ತಿಳಿದಿರಲಿಲ್ಲ ಅಷ್ಟೆ. ಹಳೆಯ ತೂತು ಇರುವವರೆಗೆ ಅದರ ಪಕ್ಕದಲ್ಲಿ ಹೊಸದನ್ನು ಕೊರೆಯಬಾರದು. ಮೊದಲು ಅದನ್ನು ಇಲ್ಲವಾಗಿಸಬೇಕು. ಒಳಗಿನ ಕಡ್ಡಿ, ಪುಟ್ಟಿ, ಹಳೆಯ ಅಂಟನ್ನೆಲ್ಲ ತೆಗೆದು, ಒಳಗಿನ ಬರೀ ಮರ ಕಾಣುವಷ್ಟು ದುಂಡಗೆ, ನೇರವಾಗಿ ಕೊರೆದು, ಅಳತೆಗೆ ಸರಿಯಾದ ಗಟ್ಟಿಮರದ ಬಿರಡೆಯನ್ನು ಮರದ ಅಂಟಿನಲ್ಲಿ ಕೂರಿಸಿ, ಒಂದು ಇಡೀ ದಿನ ಮುಟ್ಟದೆ ಬಿಡಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಅಂಗಡಿಯಲ್ಲಿ ಸಿಗುವ ಉದ್ದನೆಯ ದುಂಡುಗೋಲಿನಲ್ಲಿ ಮರದ ಎಳೆ ಉದ್ದಕ್ಕೆ ಓಡುತ್ತದೆ; ಅದನ್ನು ನಿಲ್ಲಿಸಿ ಕೂರಿಸಿದಾಗ ಸ್ಕ್ರೂ ಎಳೆಗಳ ತುದಿಗೆ ಇಳಿಯುವುದರಿಂದ ಹಿಡಿತ ಕಡಿಮೆ. ಎಳೆಗೆ ಅಡ್ಡವಾಗಿ ಹಲಗೆಯಿಂದ ಕತ್ತರಿಸಿ ತೆಗೆದ ಬಿರಡೆಯಾದರೆ ಗಿಟಾರಿನ ಒಡಲಿನ ಎಳೆಯೂ ಬಿರಡೆಯ ಎಳೆಯೂ ಒಂದೇ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ಹಾಗೆ ತುಂಬಿದ ಮರ ತಾಳುತ್ತದೆ. ನಾನು ಬೇರೆಯವರ ಎರಡು ಗಿಟಾರುಗಳಿಗೆ ಆಮೇಲೆ ಹೀಗೆ ಮಾಡಿಕೊಟ್ಟಿದ್ದೇನೆ, ಎರಡೂ ನಿಂತಿವೆ. ನನ್ನದಕ್ಕೆ ಮಾಡಲಿಲ್ಲ.

ನನ್ನದಕ್ಕೆ ಮಾಡಿದ್ದು ಬೆಂಕಿಕಡ್ಡಿ ಮತ್ತು ಅಂಟು. ತೂತುಗಳಲ್ಲಿ ಕಡ್ಡಿಗಳನ್ನು ತುರುಕಿ, ಮೇಲೆ ಬಣ್ಣ ಬಳಿದು, ಪ್ಲೇಟನ್ನು ಮತ್ತೆ ಬಿಗಿದೆ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಮೂರು ತಿಂಗಳ ನಂತರ ಅದನ್ನು ನನಗಿಂತ ಚಿಕ್ಕ ವಯಸ್ಸಿನ ಹುಡುಗನೊಬ್ಬನಿಗೆ ಮಾರಿದೆ. ಅವನು ಅದನ್ನು ಮಡಿಲಲ್ಲಿಟ್ಟುಕೊಂಡು ತನಗೆ ಬರುತ್ತಿದ್ದ ಒಂದೇ ಒಂದು ಕಾರ್ಡ್ (ಸ್ವರಗುಚ್ಛ) ನುಡಿಸಿ, ಚೆನ್ನಾಗಿದೆ ಅಂದ. ನಾನು ಸುಮ್ಮನಿದ್ದೆ. ಹಿಂದಿನವನು ಯಾರೋ ಮುಚ್ಚಿಟ್ಟಿದ್ದಾನೆ ಎಂದು ನೀನು ಬರೆದೆಯಲ್ಲ, ಆ ಹಿಂದಿನವನು ನಾನೇ. ನಿನ್ನ ಗಿಟಾರಿನ ಹಿಂದಿನವನಲ್ಲ. ಅದರ ಬಣ್ಣ ಯಾವುದೆಂದು ನಿನ್ನ ಪತ್ರವನ್ನು ಎರಡು ಸಲ ತಿರುವಿ ನೋಡಿ ಖಚಿತಮಾಡಿಕೊಂಡಿದ್ದೇನೆ. ಆದರೆ ಎಲ್ಲೋ ಒಬ್ಬನು ಪ್ಲೇಟು ಎತ್ತಿ ಅದೇ ಮಾತನ್ನು ಅಂದಿರಬೇಕು, ಮರ ತಾಳುತ್ತದೆಯೇ ಎಂದು ಯಾರನ್ನೋ ಕೇಳಿರಬೇಕು.

ಈ ಅಪರಾಧಭಾವಕ್ಕೆ ಸಮಾಧಾನ ಸಿಗಲಿ ಎಂದು ನಾನು ಬಹಳ ಕಾಲ ಹೆಸರಾಂತರ ಗಿಟಾರುಗಳ ಕಥೆ ಓದುತ್ತಿದ್ದೆ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹ್ಯಾಲೆನ್ ತಾವೇ ಜೋಡಿಸಿಕೊಂಡ ಗಿಟಾರಿನಲ್ಲಿ ಮೊದಲಿದ್ದ ಬ್ರಿಜ್ ತೆಗೆದು ಫ್ಲಾಯ್ಡ್ ರೋಸ್ ಎಂಬ ಬ್ರಿಜ್ ಕೂರಿಸಿದಾಗ, ಅದು ಹಿಂದಕ್ಕೆ ವಾಲದಿರಲೆಂದು 1971ರ 25 ಸೆಂಟ್ ನಾಣ್ಯವೊಂದನ್ನು ಅದರಡಿ ಒಡಲಿಗೆ ಸ್ಕ್ರೂ ಹಾಕಿ ಬಿಗಿದಿದ್ದರು. ಕ್ವೀನ್ ತಂಡದ ಗಿಟಾರ್ ವಾದಕ ಬ್ರಯನ್ ಮೇ 1963ರಲ್ಲಿ ತಂದೆಯ ಜೊತೆ ಗಿಟಾರ್ ಕಟ್ಟಲು ಹೊರಟು, ಟ್ರೆಮೊಲೊಗೆ ಹಳೆಯ ಮೋಟಾರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗುಗಳನ್ನೇ ಬಳಸಿಕೊಂಡರು. ಇವು ಓದಲು ಚೆಂದ, ಆದರೆ ನನಗೂ ನಿನಗೂ ಅವುಗಳಿಂದ ಅಂಥ ಪ್ರಯೋಜನವಿಲ್ಲ ಎನಿಸುತ್ತದೆ. ಅವರು ಕೆಡಿಸಿದ್ದರೂ ಅದು ಕಥೆಯಾಗುತ್ತಿತ್ತು, ನಾವು ಕೆಡಿಸಿದರೆ ಅದು ಬರೀ ಕೆಟ್ಟ ಗಿಟಾರ್. ಅಷ್ಟಕ್ಕೂ 1954ರಲ್ಲಿ ಸ್ಟ್ರ್ಯಾಟೊಕ್ಯಾಸ್ಟರನ್ನು ಹೊರತಂದ ಲಿಯೋ ಫೆಂಡರ್ ಅವರೇ ಈ ಬ್ರಿಜ್ಜಿನ ಹೆಸರನ್ನು ತಪ್ಪಾಗಿಟ್ಟಿದ್ದಾರೆ. ಟ್ರೆಮೊಲೊ ಎಂದರೆ ಸದ್ದು ಏರಿಳಿಯುವುದು. ಈ ಹಿಡಿಕೆ ನಡುಗಿಸುವುದು ಶ್ರುತಿಯನ್ನು, ಅದು ವೈಬ್ರಾಟೊ. ಹೆಸರು ತಪ್ಪಿದ್ದರಿಂದ ಯಾವ ಮರವೂ ಸೀಳಲಿಲ್ಲ ಎನ್ನುವುದು ಬೇರೆ ಮಾತು.

ನೀನು ಕೇಳಿದ ಉಪಯೋಗದ ಮಾತುಗಳಿಗೆ ಬರುತ್ತೇನೆ; ಎಲ್ಲಕ್ಕೂ ಉತ್ತರ ಹೇಳುವ ಯೋಗ್ಯತೆ ನನಗಿಲ್ಲ. ಹೊಸದನ್ನು ಕೊಳ್ಳುವ ಮೊದಲು ಈಗಿರುವ ಪೋಸ್ಟುಗಳ ನಡುವಿನಿಂದ ನಡುವಿಗೆ ಅಳೆ. ಸುಮಾರು 56 ಮಿಲಿಮೀಟರ್ ಬಂದರೆ ಅದಕ್ಕೆ ಹೊಂದುವ ಎರಡು ಪೋಸ್ಟಿನ ಬ್ರಿಜ್ಜುಗಳು ಬೇಕಾದಷ್ಟಿವೆ. 74 ಬಂದರೆ ಯಾರೋ ಫ್ಲಾಯ್ಡ್ ರೋಸ್ ಮಾದರಿಗಾಗಿ ಕೊರೆದದ್ದು. ಬುಶಿಂಗುಗಳು ಗಟ್ಟಿಯಾಗಿದ್ದು ಅಳತೆಯೂ ಹೊಂದಿದರೆ ಒಂದು ತೂತನ್ನೂ ಕೊರೆಯದೆ ಕೆಲಸ ಮುಗಿಯಬಹುದು. ಮೊದಲು ಹುಡುಕಬೇಕಾದದ್ದು ಆ ದಾರಿಯನ್ನೇ. ಬ್ಲಾಕಿನ ಆಳವನ್ನೂ ನೋಡಿಕೋ. ಒಡಲು ತೆಳ್ಳಗಿದ್ದರೆ ಪೂರ್ಣ ಅಳತೆಯ ಬ್ಲಾಕ್ ಹಿಂಬದಿಯಿಂದ ಹೊರಗೆ ಇಣುಕುತ್ತದೆ. ಸ್ಪ್ರಿಂಗುಗಳ ಕೊಕ್ಕೆಗೆ ಬೆಸೆದಿರುವ ಅರ್ತಿಂಗ್ ತಂತಿ ಎಳೆದಾಡುವಾಗ ಕಿತ್ತುಬಂದರೆ ಗಿಟಾರ್ ಗುಂಯ್‌ಗುಡುತ್ತದೆ, ಆಗ ಪಿಕಪ್ಪನ್ನು ಬೈಯಬೇಡ.

ಬುಶಿಂಗನ್ನು ತೆಗೆಯಲೇಬೇಕಾಗಿ ಬಂದರೆ ಇಕ್ಕಳ ಹಾಕಿ ಮೀಟಬೇಡ, ಆ ಕಿರಿದಾದ ಪಟ್ಟಿ ಸೀಳುವುದು ಆಗಲೇ. ಅದರ ತಳಕ್ಕೆ ಒಂದು ಸಣ್ಣ ಉಕ್ಕಿನ ತುಂಡು ಹಾಕಿ ಪೋಸ್ಟನ್ನು ಮೇಲಿನಿಂದ ತಿರುಗಿಸುತ್ತ ಹೋದರೆ ಬುಶಿಂಗ್ ತಾನಾಗಿ ಮೇಲೇಳುತ್ತದೆ. ಕೊರೆಯಲೇಬೇಕಾದರೆ, ಕೊರೆಯುವ ಮುಂಚೆ ಎರಡು ಅಂಚಿನ ತಂತಿಗಳ ಜಾಗದಲ್ಲಿ ನೂಲು ಎಳೆದು ಕಟ್ಟಿ, ಎರಡೂ ನೆಕ್‌ನ ಅಂಚುಗಳಿಂದ ಸಮದೂರದಲ್ಲಿ ಒಳಗಿವೆಯೇ ನೋಡು. ತಂತಿಗಳು ಮೇಲ್ತುದಿಯಲ್ಲಿ ಆತುಕೊಳ್ಳುವ ನಟ್ಟಿನಿಂದ ಹನ್ನೆರಡನೆಯ ಫ್ರೆಟ್ಟಿಗೆ ಎಷ್ಟಿದೆಯೋ ಅದರ ಎರಡರಷ್ಟು ದೂರಕ್ಕೆ ಮೊದಲ ತಂತಿಯ ಸ್ಯಾಡಲ್ (ಬ್ರಿಜ್ಜಿನ ಮೇಲೆ ಆ ತಂತಿ ಕೂರುವ ತುಂಡು) ಬರಬೇಕು. ನಿನ್ನ ಮಾದರಿಯಲ್ಲಿ ಅದು 324ರ ಎರಡರಷ್ಟು, 648 ಮಿಲಿಮೀಟರ್. ದಪ್ಪ ತಂತಿಗಳ ಸ್ಯಾಡಲ್ ಇನ್ನೂ ಹಿಂದೆ ಸರಿಯಬೇಕಾಗುವುದರಿಂದ ಅದಕ್ಕೂ ಜಾಗ ಬಿಡು. ಡ್ರಿಲ್ಲಿನ ಬಿಟ್ಟಿಗೆ ಆಳದ ಗುರುತಾಗಿ ಟೇಪು ಸುತ್ತು, ಸ್ಟ್ಯಾಂಡಿಗೆ ಕೂರಿಸಿದ ಡ್ರಿಲ್ ಸಿಕ್ಕರೆ ಕೈಡ್ರಿಲ್ಲನ್ನು ಮುಟ್ಟಲೇಬೇಡ. ಇಷ್ಟನ್ನು ಯಾರಾದರೂ ನನಗೆ ಹೇಳಿದ್ದರೆ ನಾನು ಕೇಳುತ್ತಿದ್ದೆನೋ ಇಲ್ಲವೋ.

ಇಷ್ಟಾದರೂ ಕೈ ನಡುಗಿದರೆ ಬಿಟ್ಟುಬಿಡು. ಬ್ಲಾಕಿನ ಎರಡೂ ಬದಿಗೆ ಮರದ ತುಂಡು ಕೊಟ್ಟು ಅದನ್ನು ಅಲುಗದಂತೆ ನಿಲ್ಲಿಸಬಹುದು. ಹೆಸರಾಂತ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಎಷ್ಟೋ ವರ್ಷ ಬ್ರಿಜ್ಜನ್ನು ಅಲುಗದಂತೆ ನಿಲ್ಲಿಸಿಕೊಂಡೇ ನುಡಿಸಿದ್ದಾರೆ. ಇಲ್ಲವೇ ಗಿಟಾರ್ ರಿಪೇರಿ ಬಲ್ಲವರ ಕೈಗೆ ಕೊಡು. ಅದರಲ್ಲಿ ಸೋಲೇನಿದೆ? ನಾನು ಸೋತದ್ದು ಕೊರೆದಾಗ ಅಲ್ಲ. ಬಣ್ಣ ಬಳಿದಾಗ ಎಂದು ಈಗ ತೋರುತ್ತದೆ. ನೀನಂತೂ ಪ್ಲೇಟು ಎತ್ತಿ, ಕಂಡದ್ದನ್ನು ಕಂಡ ಹಾಗೆ ನನಗೆ ಬರೆದಿದ್ದೀಯೆ. ನಾಳೆ ನೀನೂ ಆ ಗಿಟಾರನ್ನು ಮಾರುವ ದಿನ ಬಂದರೆ, ಎಲ್ಲೆಲ್ಲಿ ಏನೇನು ತುಂಬಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಹಿಂಬದಿಯ ಕುಳಿಯಲ್ಲಿ ಅಂಟಿಸಿಡು, ಕೊಳ್ಳುವವನಿಗೆ ಬಾಯಲ್ಲಿಯೂ ಹೇಳು.

ತಂತಿ ಬಿಚ್ಚಿದ ದಿನ ಆ ಪಟ್ಟಿಯ ಚಿತ್ರ ತೆಗೆದು ಕಳುಹಿಸು. ಅಳತೆಗಳನ್ನು ಎರಡು ಸಲ ತೆಗೆದು, ಎರಡನ್ನೂ ಬರೆ. ನಾನು ನೋಡಿ ಹೇಳುವವರೆಗೆ ಹೊಸ ಬ್ರಿಜ್ಜಿಗೆ ದುಡ್ಡು ಕೊಡಬೇಡ ಎಂದು ಅಪ್ಪಣೆ ಮಾಡಲಾರೆ, ಕೇಳಿಕೊಳ್ಳುತ್ತೇನೆ. ಈ ಪತ್ರವನ್ನು ನಿನ್ನ ಅಪ್ಪನಿಗೆ ತೋರಿಸಬಹುದು. ಅವನಿಗೆ ದೀಪ ಹಿಡಿದದ್ದು ಗೊತ್ತು; ಮಾರುವಾಗ ನಾನು ಸುಮ್ಮನಿದ್ದದ್ದು ಗೊತ್ತಿಲ್ಲ.

ಇಂತಿ ನಿನ್ನ
ದೊಡ್ಡಪ್ಪ