ಬರೀ ರೇಡಾರ್ ರಿಪೋರ್ಟ್ ಯಾಕೆ ನಿಲ್ಲಿಸುತ್ತಿದ್ದೇವೆ

ನಮಸ್ಕಾರ,

ಮುಂದಿನ ತಿಂಗಳಿಂದ ಕಟ್ಟಡದ ಕೆಳಗಿನ ಪೊಳ್ಳು ಹುಡುಕಲು ಬರೀ ರೇಡಾರ್ (ನೆಲದೊಳಕ್ಕೆ ರೇಡಿಯೋ ಅಲೆ ಬಿಟ್ಟು ನೋಡುವ ಮಿಷಿನ್) ಓಡಿಸಿ ರಿಪೋರ್ಟ್ ಕೊಡುವುದಿಲ್ಲ. ಅದರ ಜೊತೆ ಮಣ್ಣಿಗೆ ಕರೆಂಟ್ ಹಾಯಿಸಿ ನೋಡುವ ಸರ್ವೆ, ಬೇಕಾದ ಕಡೆ ಗುರುತ್ವ ಅಳೆಯುವ ಸರ್ವೆ, ಅನುಮಾನ ಬಂದ ಜಾಗದಲ್ಲಿ ನೆಲ ಕೊರೆದು ನೋಡುವ ಬೋರ್ ಕೂಡ ಇರುತ್ತದೆ. ದಿನ ಜಾಸ್ತಿ ಹಿಡಿಯುತ್ತದೆ, ಬಿಲ್ಲೂ ಜಾಸ್ತಿಯಾಗುತ್ತದೆ. ಇಷ್ಟು ತಡವಾಗಿ ಹೇಳುತ್ತಿರುವುದಕ್ಕೆ ಕ್ಷಮಿಸಿ. ಈಗಾಗಲೇ ದಿನ ಗೊತ್ತು ಮಾಡಿಕೊಂಡವರಿಗೆ ಹಳೆಯ ದರವೇ.

ಎಲ್ಲರೂ ಕೇಳುವುದು ಒಂದೇ: "ಅಷ್ಟು ದೊಡ್ಡ ಮಿಷಿನ್ ತಂದ ಮೇಲೂ ನೆಲ ಯಾಕೆ ಕೊರೆಯಬೇಕು?" ಬಿಲ್ ಏರಿಸುವುದಕ್ಕೆ ಅಂತ ಕೆಲವರು ಮುಖಕ್ಕೇ ಹೇಳಿದರು. ನೋವಾಯಿತು. ಯಾವ ಮಿಷಿನ್ನಿಗೂ ಪೊಳ್ಳು ನೇರವಾಗಿ ಕಾಣುವುದಿಲ್ಲ, ಸುತ್ತಲಿನ ನೆಲಕ್ಕಿಂತ ಇಲ್ಲೇನೋ ಬೇರೆ ಇದೆ ಅನ್ನುವುದಷ್ಟೇ ಗೊತ್ತಾಗುತ್ತದೆ. ರೇಡಾರ್ ಒಣ ಮರಳಿನಲ್ಲಿ 10 ಮೀಟರ್ ಆಚೆಗೂ ಹೋಗಬಹುದು, ಅದೇ ಒದ್ದೆ ಜೇಡಿಮಣ್ಣಾದರೆ 1 ಮೀಟರ್ ದಾಟುವುದೂ ಕಷ್ಟ, ಮೇಲೆ ಕಾಂಕ್ರೀಟಿನೊಳಗಿನ ಕಬ್ಬಿಣ ಬೇರೆ ಅಡ್ಡ ಬರುತ್ತದೆ. ಗಾಳಿ ತುಂಬಿದ ಪೊಳ್ಳು ಕರೆಂಟನ್ನು ತಡೆಯುತ್ತದೆ, ಸರಿ, ಆದರೆ ಗಟ್ಟಿ ಸುಣ್ಣಕಲ್ಲೂ ತಡೆಯುತ್ತದಲ್ವಾ? ಅದೇ ಪೊಳ್ಳಿನಲ್ಲಿ ಕೆಸರು ತುಂಬಿದ್ದರೆ ಲೆಕ್ಕ ಪೂರ್ತಿ ಉಲ್ಟಾ. ಅದಕ್ಕೇ ಕೊರೆದು ನೋಡುವುದು. ಸರ್ವೆ ಇಲ್ಲದೆ ಸುಮ್ನೆ ಕೊರೆದರೂ ಎರಡು ಬೋರ್ ನಡುವೆ ಪೊಳ್ಳು ತಪ್ಪಿಸಿಕೊಳ್ಳುತ್ತದೆ.

ಹೆಚ್ಚು ಖರ್ಚು ಗುರುತ್ವ ಸರ್ವೆಯದು. ಪೊಳ್ಳಿರುವ ಕಡೆ ಭೂಮಿಯ ಸೆಳೆತ ಒಂಚೂರು ಕಡಿಮೆ ಇರುತ್ತದೆ, ಅದನ್ನೇ ಅಳೆಯುವುದು. ಭೂಮಿಯ ಗುರುತ್ವದ 100 ಕೋಟಿ ಪಾಲಿನಲ್ಲಿ ಹತ್ತಿಪ್ಪತ್ತು ಪಾಲಿನ ವ್ಯತ್ಯಾಸ ಹಿಡಿಯಬೇಕು. ಮಿಷಿನ್ ಇಟ್ಟ ಜಾಗದ ಎತ್ತರ 1 ಸೆಂಟಿಮೀಟರ್ ತಪ್ಪಿದರೂ ಅಂಥ ಸುಮಾರು 3 ಪಾಲು ತಪ್ಪು ಬರುತ್ತದೆ, ಹಾಗಾಗಿ ಪ್ರತಿ ಜಾಗಕ್ಕೂ ಲೆವೆಲ್ ನೋಡಬೇಕು, ಮತ್ತೆ ಮತ್ತೆ ಮೊದಲಿನ ಜಾಗಕ್ಕೇ ಬಂದು ಅಳೆಯಬೇಕು, ಗೋಡೆಗಳ ತೂಕವನ್ನೂ ಲೆಕ್ಕದಿಂದ ಕಳೆಯಬೇಕು. ಲಾರಿ ಓಡಾಡಿದರೆ ನೆಲ ನಡುಗುತ್ತದೆ ಅಂತ ನಮ್ಮ ಹುಡುಗರು ರಾತ್ರಿಯಿಡೀ ಕೂತು ಮಾಡುತ್ತಾರೆ. ಮಿಷಿನ್ ಬಾಡಿಗೆ ಕಟ್ಟಿ, ಅವರಿಗೆ ಸಂಬಳ ಕೊಟ್ಟ ಮೇಲೆ ನಮಗೆ ಉಳಿಯುವುದು ಮೊದಲಿಗಿಂತ ಕಡಿಮೆಯೇ.

"ಇಷ್ಟು ವರ್ಷ ಏನೂ ಆಗಿಲ್ವಲ್ಲ" ಅನ್ನುವವರಿಗೆ ಒಂದು ಮಾತು. ಅಮೆರಿಕದ ಕೆಂಟಕಿಯಲ್ಲಿ ಕಾರ್ವೆಟ್ ಕಾರುಗಳ ಮ್ಯೂಸಿಯಂ 1994ರಲ್ಲಿ ತೆರೆಯಿತು. 2014ರಲ್ಲಿ ಅದರ ನೆಲವೇ ಕುಸಿದು 8 ಕಾರು ಒಳಗೆ ಹೋದವು. ಆಗ ಒಳಗೆ ಜನ ಇರಲಿಲ್ಲ.

ಕಾಣದ ಆಳದ ಬಗ್ಗೆ "ಏನೂ ಇಲ್ಲ" ಅಂತ ನಾವು ಯಾವತ್ತೂ ಬರೆದಿಲ್ಲ. ಆದರೆ ಎಷ್ಟು ಆಳದವರೆಗೆ ಕಂಡಿತು ಅನ್ನುವುದನ್ನು ಹಳೆಯ ರಿಪೋರ್ಟುಗಳ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿದ್ದೆವು. ಅದು ನಮ್ಮ ತಪ್ಪು. ನಿಮ್ಮ ಫೈಲ್ ಮತ್ತೆ ತೆರೆದು, ಆ ಆಳ ಎಷ್ಟು, ಅದು ಸಾಕೋ ಸಾಲದೋ ಅಂತ ನಾನೇ ಫೋನ್ ಮಾಡಿ ಹೇಳುತ್ತೇನೆ. ಇದಕ್ಕೆ ದುಡ್ಡಿಲ್ಲ.

ಅಷ್ಟರಲ್ಲಿ ಗೋಡೆಯಲ್ಲಿ ಹೊಸ ಬಿರುಕು ಬಂದರೆ, ಬಾಗಿಲು ಇದ್ದಕ್ಕಿದ್ದಂತೆ ಸಿಕ್ಕಿಕೊಳ್ಳತೊಡಗಿದರೆ, ನೆಲ ತಗ್ಗಾದಂತೆ ಕಂಡರೆ ನನ್ನ ಫೋನಿಗೆ ಕಾಯಬೇಡಿ. ಮೊದಲು ಎಲ್ಲರೂ ಹೊರಗೆ ಬನ್ನಿ, ಆಮೇಲೆ ಕರೆ ಮಾಡಿ. ರಾತ್ರಿ ಎಷ್ಟೊತ್ತಾದರೂ ಎತ್ತುತ್ತೇನೆ.