ಅಮ್ಮ, ಪೂರ್ತಿ ಓದಿ ಆಮೇಲೆ ಬೈ

ಅಮ್ಮ,

ಆ ಫೋಟೋ ನೋಡಿದ ಮೇಲೆ ನೀನು ಸರಿಯಾಗಿ ಮಾತೇ ಆಡಲಿಲ್ಲ, ಫೋನನ್ನು ಅಪ್ಪನ ಕೈಗೆ ಕೊಟ್ಟುಬಿಟ್ಟೆ. ಅಪ್ಪ ಕೇಳಿದ್ದು ಒಂದೇ ಮಾತು, "ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯುವಂಥದ್ದು ಏನಾಗಿತ್ತು ನಿನಗೆ?" ಅಷ್ಟರಲ್ಲಿ ಮೂಡಿಗೆರೆಯ ನೆಟ್‌ವರ್ಕ್ ಎಂದಿನಂತೆ ಕೈ ಕೊಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಅದು ಆಕ್ಸಿಜನ್ ಅಲ್ಲ. ಮಾಮೂಲಿ ಗಾಳಿಯನ್ನೇ ಸೋಸಿ, ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಎಷ್ಟು ಉಳಿದಿದೆ ಅಂತ ತೋರಿಸುವ ಮೀಟರ್ ಪಕ್ಕದಲ್ಲೇ ಇರುತ್ತದೆ. ಅದು 50ಕ್ಕೆ ಇಳಿಯುವ ಹೊತ್ತಿಗೆ ನಾವು ಮೇಲೆ ಬಂದಿರಬೇಕು. ಅಕಸ್ಮಾತ್ ಖಾಲಿಯಾದರೂ ಜೊತೆಗಾರರ ಸಿಲಿಂಡರಿನಲ್ಲಿ ನಮಗೆ ಅಂತಲೇ ಇನ್ನೊಂದು ಪೈಪ್ ಇರುತ್ತದೆ. ಒಬ್ಬರೇ ಇಳಿಯೋ ಮಾತೇ ಇಲ್ಲ.

ನಾನು ಹೋಗಿದ್ದು ಥಾಯ್ಲೆಂಡಿನ ಕೋ ತಾವೊ ಅನ್ನೋ ದ್ವೀಪಕ್ಕೆ. ಬ್ಯಾಂಕಾಕ್‌ನಿಂದ ರಾತ್ರಿ ಬಸ್ಸು ಹತ್ತಿ ಚುಂಫೊನ್, ಅಲ್ಲಿಂದ ದೋಣಿ. ಡೈವಿಂಗ್ ಹೊಸದಾಗಿ ಕಲಿಯುವವರು ಎಲ್ಲೆಲ್ಲಿಂದಲೋ ಅಲ್ಲಿಗೆ ಬರುತ್ತಾರೆ, ಯಾಕೆಂದರೆ ಖರ್ಚು ಕಡಿಮೆ, ನೀರು 28-30 ಡಿಗ್ರಿ ಬೆಚ್ಚಗಿರುತ್ತದೆ, ಹವಳದ ದಿಬ್ಬ ಈಜುವಷ್ಟು ಆಳದಲ್ಲೇ ಶುರುವಾಗುತ್ತದೆ. ಪಕ್ಕದ ನಾಂಗ್ ಯುವಾನ್ ದ್ವೀಪದ ಮರೆಯಲ್ಲಿ ಜಪಾನೀಸ್ ಗಾರ್ಡನ್ಸ್ ಅಂತ ಒಂದು ಜಾಗ ಇದೆ. ಅಲೆ ಕಡಿಮೆ, ಹೊಸಬರನ್ನೆಲ್ಲ ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಾರೆ.

ಹಾಗಂತ ಸೀದಾ ತಳ್ಳಿಬಿಡಲ್ಲ. ಮೊದಲು ಎದೆಮಟ್ಟದ ನೀರಲ್ಲಿ ಮಂಡಿಯೂರಿ ಕೂರಿಸುತ್ತಾರೆ. ಬಾಯಿಂದ ಪೈಪ್ ತೆಗೆದು ಮತ್ತೆ ಹಾಕಿಕೊಳ್ಳಬೇಕು. ಮಾಸ್ಕಿನೊಳಗೆ ನೀರು ಬಿಟ್ಟುಕೊಂಡು ಮೂಗಿಂದ ಗಾಳಿ ಊದಿ ಆಚೆ ಹಾಕಬೇಕು. ಇದು ಮಾತ್ರ ನನಗೆ ಒಂಚೂರೂ ಇಷ್ಟ ಆಗಲಿಲ್ಲ. 200 ಮೀಟರ್ ಈಜಿ ತೋರಿಸಬೇಕು, ಹತ್ತು ನಿಮಿಷ ತೇಲಬೇಕು. ಅದಕ್ಕೆ ತೋಟದ ಕೆರೆಯಲ್ಲಿ ಅಪ್ಪ ಕಲಿಸಿದ್ದೇ ಸಾಕಾಯ್ತು, ಅವರಿಗೆ ಇದನ್ನು ಓದಿ ಹೇಳು.

ಎಲ್ಲಕ್ಕಿಂತ ಮುಖ್ಯ ಅಂತ ತಲೆಗೆ ತುಂಬಿದ್ದು, ಯಾವತ್ತೂ ಉಸಿರು ಹಿಡಿಯಬೇಡಿ ಅಂತ. ಹತ್ತು ಮೀಟರ್ ಆಳದಲ್ಲಿ ಒತ್ತಡ ದುಪ್ಪಟ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುತ್ತಾ ಹಿಗ್ಗುತ್ತದೆ, ಬಾಯಿ ಮುಚ್ಚಿಕೊಂಡಿದ್ದರೆ ಶ್ವಾಸಕೋಶಕ್ಕೇ ಪೆಟ್ಟು. ಅದಕ್ಕೇ ಉಸಿರಾಡುತ್ತಾ ನಿಧಾನಕ್ಕೆ ಏರುವುದು. ಮೈಯೊಳಗೆ ಸೇರಿದ ನೈಟ್ರೋಜನ್ ಹೊರಗೆ ಹೋಗಲಿ ಅಂತ ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು ಬರುವುದು. ಡೈವ್ ಮಾಡಿದ ಮೇಲೆ 18 ಗಂಟೆಯಾದರೂ ವಿಮಾನ ಹತ್ತಬಾರದು, ಉಳಿದ ನೈಟ್ರೋಜನ್ನೂ ಹೊರಗೆ ಹೋಗಬೇಕಲ್ವಾ. ನನಗೆ ವಾಪಸ್ಸೂ ಬಸ್ಸೇ ಆಗಿದ್ದರಿಂದ ತೊಂದರೆ ಇರಲಿಲ್ಲ.

ಕಿವಿ? ಚಾರ್ಮಾಡಿ ಘಾಟಿ ಇಳಿಯುವಾಗ ಕಟ್ಟುತ್ತದಲ್ಲ, ಅದೇ ಥರ. ಆದರೆ ಇಡೀ ಘಾಟಿಗೆ ಆಗುವಷ್ಟು ಒತ್ತಡದ ವ್ಯತ್ಯಾಸ ನೀರಲ್ಲಿ ಒಂದು ಮೀಟರ್ ಇಳಿದರೇ ಆಗಿಬಿಡುತ್ತದೆ. ಹಾಗಾಗಿ ಮೂಗು ಹಿಡಿದು ಮೆಲ್ಲಗೆ ಊದುತ್ತಾ, ಇಳಿಯುತ್ತಾ, ಮತ್ತೆ ಊದುತ್ತಾ ಹೋಗಬೇಕು. ನೆಗಡಿ ಇದ್ದವರನ್ನು ನೀರಿಗೇ ಬಿಡಲ್ಲ. ನಮ್ಮ ಜೊತೆಗಿದ್ದ ಒಬ್ಬ ಹುಡುಗ ಕೆಳಗೆ ಹೋದವನೇ ಖುಷಿಗೆ ಹೆಬ್ಬೆರಳು ಎತ್ತಿ ತೋರಿಸಿದ. ನೀರೊಳಗೆ ಅದರ ಅರ್ಥ ಮೇಲೆ ಹೋಗೋಣ ಅಂತ! ಟೀಚರ್ ಅವನನ್ನು ಕರೆದುಕೊಂಡು ಹೊರಟೇಬಿಟ್ಟರು.

ಇನ್ನು ನೋಡಿದ್ದು ಹೇಳುತ್ತೇನೆ. ಕೆಳಗೆ ಎಲ್ಲಾ ಕಡೆಯಿಂದ ಕಟಕಟ ಸದ್ದು. ನೀರಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುವುದರಿಂದ ಎಲ್ಲಿಂದ ಬಂತು ಅಂತ ಗೊತ್ತೇ ಆಗುವುದಿಲ್ಲ. ಆಮೇಲೆ ನೋಡಿದರೆ ಗಿಳಿಮೀನು ಕಲ್ಲು ಕಚ್ಚಿ ಪಾಚಿ ತಿನ್ನುತ್ತಿದೆ, ಹಿಂದಿನಿಂದ ಬಿಳಿ ಪುಡಿ ಸುರಿಯುತ್ತಿದೆ. ಅಮ್ಮ, ಇಂಥ ಬೀಚಿನ ಬಿಳಿ ಮರಳಿನಲ್ಲಿ ಸುಮಾರು ಪಾಲು ಅದೇ! ಒಂದು ದೊಡ್ಡ ಹವಳದ ಗುಂಡಿನ ಮೇಲೆ ಪುಟ್ಟ ಪುಟ್ಟ ಹುಳುಗಳು, ಒಂದೊಂದಕ್ಕೂ ಸುರುಳಿ ಸುತ್ತಿದ ಎರಡೆರಡು ಕುಚ್ಚು, ಹಳದಿ, ನೀಲಿ, ಕಿತ್ತಳೆ. ಕೈ ನೆರಳು ಬಿದ್ದರೆ ಸಾಕು, ಪಟ್ ಅಂತ ಒಳಗೆ. ಸುಮ್ನೆ ಕಾಯುತ್ತಾ ತೇಲಿದರೆ ಒಂದೊಂದಾಗಿ ಇಣುಕುತ್ತವೆ.

ಹೊರನಾಡಿನಲ್ಲಿ ನೀನು ಕಟ್ಟಿಸಿದ ಕೆಂಪು ದಾರ ಕೈಯಲ್ಲೇ ಇತ್ತು. ಹತ್ತು ಮೀಟರ್ ದಾಟಿದ ಮೇಲೆ ನೋಡಿದರೆ ಮಣ್ಣಿನ ಬಣ್ಣ! ನೀರು ಕೆಂಪನ್ನು ಮೊದಲು ನುಂಗುತ್ತದಂತೆ. ಟೀಚರ್ ಟಾರ್ಚ್ ಹಾಕಿದ ಕೂಡಲೇ ಮತ್ತೆ ಕೆಂಪಾಯ್ತು.

ಹವಳ ಕಲ್ಲೂ ಅಲ್ಲ, ಗಿಡವೂ ಅಲ್ಲ, ಪುಟಾಣಿ ಪ್ರಾಣಿಗಳ ಗುಂಪು. ಅದರ ಮೈಯೊಳಗೆ ವಾಸ ಮಾಡುವ ಪಾಚಿ ಬಿಸಿಲು ಹಿಡಿದು ಅದಕ್ಕೆ ಊಟ ಹಾಕುತ್ತದೆ, ಬಣ್ಣವೂ ಹೆಚ್ಚಾಗಿ ಆ ಪಾಚಿಯದೇ. ನೀರು ಜಾಸ್ತಿ ಬಿಸಿಯಾದರೆ ಹವಳ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಹಾಗೇ ತುಂಬಾ ದಿನ ಇದ್ದರೆ ಸಾಯುತ್ತದೆ. 2024ರ ಬೇಸಿಗೆಯಲ್ಲಿ ಥಾಯ್ಲೆಂಡ್ ಕೊಲ್ಲಿಯಲ್ಲಿ ಹೀಗಾಯ್ತು. ನಮ್ಮಲ್ಲಿ ಬೋರ್‌ವೆಲ್ ಬತ್ತಿ ಕಾಫಿಗೆ ನೀರು ಹಾಯಿಸಲು ಒದ್ದಾಡಿದ್ದೂ ಅದೇ ಬೇಸಿಗೆ. ಬೂದು ಬಣ್ಣಕ್ಕೆ ತಿರುಗಿದ ಕವಲು ಹವಳಗಳ ನಡುವೆ ಹೊಸ ಚಿಗುರು ಕಂಡೆ, ಬೆರಳ ತುದಿಯಷ್ಟು. ಮುಟ್ಟಬಾರದು, ಈಜಲು ಕಾಲಿಗೆ ಹಾಕಿಕೊಳ್ಳುವ ಫಿನ್ ತಾಗಿಸಬಾರದು. ಹವಳಕ್ಕೆ ಹಾನಿ ಮಾಡುವ ಸನ್‌ಸ್ಕ್ರೀನನ್ನು ಇಲ್ಲಿಯ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಲ್ಲೇ ನಿಷೇಧ ಮಾಡಿದ್ದಾರೆ. ಎಲ್ಲರೂ ತುಂಬು ತೋಳಿನ ಬಟ್ಟೆ ಹಾಕುವುದೇ ವಾಸಿ.

ಪುಟ್ಟಿಗೆ ಹೇಳು, ಇದಕ್ಕೆಲ್ಲ ಇಷ್ಟು ದೂರ ಬರಬೇಕಾಗಿಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋದರೆ ಅಲ್ಲೂ ಹವಳ ಇದೆ. ಮಳೆಗಾಲದಲ್ಲಿ ಬಂದ್, ಹಾಗಾಗಿ ಕಾಫಿ ಕೊಯ್ಲು ಮುಗಿಸಿಕೊಂಡು ಹೋಗೋಣ. ಆದರೆ ಅವಳಿಗೆ ವೀಸಿಂಗ್ ಇತ್ತಲ್ಲ, ಫಾರ್ಮಿನಲ್ಲಿ ಅದನ್ನು ಕೇಳುತ್ತಾರೆ, ಮುಚ್ಚಿಡೋ ಹಾಗಿಲ್ಲ. ಈಗಲೇ ಡಾಕ್ಟರ ಹತ್ತಿರ ತೋರಿಸಿಕೊಳ್ಳಲಿ. ಅವರು ಬೇಡ ಅಂದರೆ ಬೇಡ, ಮೇಲೆ ತೇಲುತ್ತಾ ಸ್ನಾರ್ಕೆಲ್ ಅನ್ನೋ ಉಸಿರಾಟದ ಕೊಳವೆ ಹಾಕಿಕೊಂಡು ನೋಡಲಿ, ಅದೂ ಚೆನ್ನಾಗೇ ಇರುತ್ತದೆ. ಅಪ್ಪ ದೋಣಿಯಲ್ಲಿ ಕೂತು ಕಾಯುತ್ತೀನಿ ಅಂದರೆ ವಾಂತಿ ಮಾತ್ರೆ ತಗೊಂಡು ಬರಲಿ, ನಿಂತ ದೋಣಿ ಜಾಸ್ತಿ ಓಲಾಡುತ್ತದೆ.

ಕಾಳುಮೆಣಸು ಒಣಗಿತಾ? ರೇಟ್ ಎಷ್ಟು ನಡೀತಿದೆ ಬರೀರಿ.

ನಿನ್ನ ಮಗ